ಹೊತ್ತಲ್ಲದ ಹೊತ್ತಿನ ಸೈರನ್

ಉರಿಗಾಂ
27 ಫೆಬ್ರವರಿ 2025, ಗುರುವಾರ

ಉಮಾ,

'ಪ್ರೀತಿಯ' ಅಂತ ಬರೆದು ಹೊಡೆದು ಹಾಕಿದ್ದೇನೆ. ಅದನ್ನು ನೋಡಿದ ಕೂಡಲೇ ನೀನು ಕಾಗದವನ್ನು ಮುದುರಿ ಬಿಸಾಡಿಬಿಡುತ್ತೀಯ ಅಂತ ಭಯವಾಯಿತು. ಕವರಿನ ಮೇಲೆ ನನ್ನ ಅಕ್ಷರ ಕಂಡೂ ಒಡೆದೆಯಲ್ಲ, ಸದ್ಯ, ಅಷ್ಟು ಸಾಕು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಬ್ಲಾಕ್ ಮಾಡಿದ್ದೀಯ. ಬಂಗಾರಪೇಟೆಗೇ ಬಂದು ಬಾಗಿಲು ತಟ್ಟಿಬಿಡೋಣ ಅಂತ ಎರಡು ಸಲ ರೈಲು ಹತ್ತಿದೆ. ಎರಡು ಸಲವೂ ಸ್ಟೇಷನ್ನಿನಲ್ಲಿ ಒಂದು ಟೀ ಕುಡಿದು ಹಾಗೇ ವಾಪಸ್ ಬಂದೆ. ಮೂವತ್ತು ವರ್ಷ ಮಕ್ಕಳನ್ನು ಗದರಿಸಿದ ಟೀಚರಿಗೆ ನಾದಿನಿಯ ಮನೆ ಬಾಗಿಲು ತಟ್ಟುವ ಧೈರ್ಯ ಇಲ್ಲ ನೋಡು. ನಗು ಬಂದರೆ ನಕ್ಕುಬಿಡು.

ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಗೆ ಮತ್ತೆ ಬೀಗ ಬಿದ್ದಿದೆ. 'ಈ ನಾಟಕದ ಮನೆ ನನ್ನ ತಾಯಿಯ ಜೀವ ತೆಗೆದಿದೆ, ಇದನ್ನು ಮುಚ್ಚಿಸಿ' ಅಂತ ನೀನು ಕೊಟ್ಟ ಅರ್ಜಿಯನ್ನು ತಾಲ್ಲೂಕು ಆಫೀಸಿನವರು ನನಗೆ ಓದಿ ಹೇಳಿದರು. ಬರುವ ಸೋಮವಾರ ವಿಚಾರಣೆ. ಆವತ್ತು ನೀನು ಬಂದು ಅದೇ ಮಾತು ಹೇಳಿದರೆ ಕಟ್ಟಡ ಯಾರದೋ ಸಿಮೆಂಟ್ ಗೋಡೌನ್ ಆಗುತ್ತದೆ. ಅರ್ಜಿ ವಾಪಸ್ ತೆಗೆದುಕೊಂಡರೆ ಬೀಗ ತೆಗೆಯುತ್ತಾರಂತೆ. ವಾಪಸ್ ತೆಗೆದುಕೋ ಅಂತ ಕೇಳಲಿಕ್ಕೇ ಈ ಕಾಗದ. ಆದರೆ ಸುಮ್ಮನೆ ಕೇಳುವ ಮುಖ ನನಗಿಲ್ಲ. ಆ ದಿನ ಏನಾಯಿತು ಅಂತ ಪೂರ್ತಿ ಬರೆಯುತ್ತೇನೆ. ಓದಿದ ಮೇಲೆ ಕಟ್ಟಡವನ್ನು ಬಿಡುತ್ತೀಯೋ ಏನೋ, ನನ್ನನ್ನಂತೂ ಬಿಡುವುದಿಲ್ಲ. ಅದು ಗೊತ್ತಿದ್ದೇ ಕೂತಿದ್ದೇನೆ.

ಅಲ್ಲಿ ನಾವೇನು ಮಾಡಿದ್ದೆವು ಅಂತ ನೀನು ಒಂದು ದಿನವೂ ಬಂದು ನೋಡಲಿಲ್ಲ. ಶಾಲೆ ಮುಚ್ಚಿದ ವರ್ಷ ಉಳಿದಿದ್ದದ್ದು ಹನ್ನೊಂದು ಮಕ್ಕಳು, ನಾನು ಮತ್ತು ಬಿಸಿಯೂಟದ ಮುನಿಗಂಗಮ್ಮ. ಆಮೇಲೆ ಹತ್ತು ವರ್ಷ, ನೀನೂ ನಾನೂ ಓದುವಾಗ ಕೂತಿದ್ದ ಐದನೇ ಕ್ಲಾಸಿನಲ್ಲಿ ಆಡುಗಳು ಮಲಗುತ್ತಿದ್ದವು. ರೂಪೇಶ್ ಬಂದು ಅಲ್ಲಿ ನಾಟಕ ಆಡೋಣ ಅಂದಾಗ ಮೊದಲು ಬೈದು ಕಳಿಸಿದೆ. ಅವನ ಅಪ್ಪ ಅಮ್ಮ ಗದಗಿನ ಕಡೆಯವರು, ಕಾರ್ಖಾನೆ ಕೆಲಸಕ್ಕೆ ಇಲ್ಲಿಗೆ ಬಂದವರು. ಅವನು ಹುಟ್ಟಿದ್ದು ಇಲ್ಲೇ ಆದರೂ ಚಿನ್ನದ ಗಣಿ ಮುಚ್ಚುವಾಗ ಇನ್ನೂ ತೊಟ್ಟಿಲಲ್ಲಿದ್ದ. ಬೈಸಿಕೊಂಡು ಮಾರನೇ ದಿನ ಮತ್ತೆ ಬಂದ. "ಬೈರಿ ಮೇಡಂ, ಬೈದು ಮುಗದ ಮ್ಯಾಲೆ ಕೀಲಿಕೈ ಕೊಡ್ರಿ" ಅಂದ. ಕೊಟ್ಟೆ.

ಐದು, ಆರು, ಏಳನೇ ಕ್ಲಾಸುಗಳ ನಡುವಿನ ಗೋಡೆ ಒಡೆದು ಒಂದೇ ಹಾಲ್ ಮಾಡಿದೆವು. ಏಳನೇ ಕ್ಲಾಸ್ ಇದ್ದ ಕಡೆ ಮೊಣಕಾಲೆತ್ತರದ ವೇದಿಕೆ. ಕಪ್ಪು ಹಲಗೆ ಗೋಡೆಯಲ್ಲೇ ಇತ್ತು, ಹಾಗೇ ಬಿಟ್ಟೆವು. ಹೆಡ್‌ಮಿಸ್ ರೂಮಿನಲ್ಲಿ ಬಣ್ಣ ಹಚ್ಚಿಕೊಳ್ಳುವುದು, ಬಿಸಿಯೂಟದ ಅಡಿಗೆಮನೆಯಲ್ಲಿ ಟೀ. ಎಂಬತ್ತು ಜನ ಕೂರಬಹುದು, ಒತ್ತಿಕೊಂಡರೆ ನೂರು. ಸಂಜೆಯಾದರೆ ಗಣಿ ಕಾರ್ಮಿಕರ ಲೈನ್ ಮನೆಗಳ ಹೆಂಗಸರು ಕೆಲಸ ಮುಗಿಸಿ ಬಂದು ಕೂರುತ್ತಿದ್ದರು. ಗಣಿಯಿಂದ ಹೊರಗೆ ಬಂದ ಮೇಲೆ ಯಾರ ಜೊತೆಗೂ ಮಾತಾಡದೆ ಮೂಲೆ ಹಿಡಿದಿದ್ದ ಸೆಲ್ವರಾಜ್ ಅಣ್ಣ ಅಲ್ಲಿ ಬಾಯಿ ಬಿಟ್ಟರು. ಬಿಟ್ಟ ಬಾಯಿ ಮುಚ್ಚಿಸುವುದೇ ಆಮೇಲೆ ಕಷ್ಟವಾಯಿತು ಬಿಡು.

ನಿಮ್ಮಮ್ಮನಿಗೂ ಆ ಜಾಗ ಹಿಡಿಸಿತ್ತು. ಅತ್ತೆಯ ಮರೆವು ನಿನಗೆ ಗೊತ್ತಲ್ಲ. ಬೆಳಿಗ್ಗೆ ತಿಂದ ತಿಂಡಿ ಮಧ್ಯಾಹ್ನಕ್ಕೆ ನೆನಪಿಲ್ಲ, ನಿನ್ನಣ್ಣನನ್ನು ಯಾರೋ ನೆಂಟರು ಅಂದುಕೊಂಡು "ಊಟ ಮಾಡ್ಕಂಡು ಓಗಪ್ಪ" ಅಂತ ಉಪಚಾರ ಮಾಡುತ್ತಿದ್ದರು. ಆದರೆ ಹಳೆಯದೆಲ್ಲ ಗಟ್ಟಿ. ತಾಲೀಮಿನ ಹೊತ್ತಿಗೆ ಕರೆದುಕೊಂಡು ಹೋಗಿ ಕುರ್ಚಿ ಹಾಕಿ ಕೂರಿಸಿದರೆ ಎರಡು ಗಂಟೆ ಅಲ್ಲಾಡುತ್ತಿರಲಿಲ್ಲ. ಯಾರಾದರೂ ಮಾತು ಮರೆತರೆ ಪಕ್ಕದವರಿಗಿಂತ ಮೊದಲು ಅತ್ತೆಯೇ ನಗುತ್ತಿದ್ದರು.

ಮೊದಲ ನಾಟಕ ನಮ್ಮೂರಿನದೇ ಇರಲಿ ಅಂತಾಯಿತು. ರೂಪೇಶನಿಗೆ ಗಣಿ ಅಂದರೆ ಚಿನ್ನ ತೆಗೆದು ಬಿಸಾಡಿದ ಮಣ್ಣಿನ ಸೈನೈಡ್ ದಿಬ್ಬ, ಮುರಿದ ಕಬ್ಬಿಣ, ಅಷ್ಟೇ. ಪಾಳಿಯ ಸೈರನ್ ಬೇರೆ, ಹೊತ್ತಲ್ಲದ ಹೊತ್ತಿನ ಸೈರನ್ ಬೇರೆ ಅಂತ ಅವನಿಗೆ ನಾನೇ ವಿವರಿಸಿದೆ. ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಒಳಗೆ ಬಂಡೆ ಕುಸಿದಿದೆ ಅಂತ ಅರ್ಥ. ಯಾರ ಗಂಡ, ಯಾರ ಮಗ ಅಂತ ಒಬ್ಬರೂ ಕೇಳುವುದಿಲ್ಲ. ಒಲೆ ಮೇಲಿನದು ಒಲೆ ಮೇಲೆ, ತೊಟ್ಟಿಲಲ್ಲಿದ್ದದ್ದು ತೊಟ್ಟಿಲಲ್ಲಿ, ಚಪ್ಪಲಿ ಹಾಕದೆ, ಗಣಿಯೊಳಕ್ಕೆ ಇಳಿಯುವ ಶಾಫ್ಟ್ ಗೇಟಿಗೆ ಓಡುವುದು. ಗೇಟಿನ ಹೊರಗೆ ಮಾತಿಲ್ಲದೆ ನಿಲ್ಲುವುದು. ತನ್ನವನು ಮೇಲೆ ಬಂದದ್ದು ಕಂಡರೆ ಅವಳು ಕೂಗುವ ಹಾಗಿಲ್ಲ, ನಗುವ ಹಾಗಿಲ್ಲ. ತಲೆ ಮೇಲೆ ಸೆರಗು ಹೊದ್ದು ಹಿಂದಿನಿಂದ ಜಾರಿಕೊಂಡು ಮನೆಗೆ ಹೋಗಬೇಕು, ಪಕ್ಕದಲ್ಲಿ ನಿಂತವಳ ಮುಖ ನೋಡಬಾರದು. ಹೀಗೆ ಒಬ್ಬೊಬ್ಬರಾಗಿ ಹೋಗಿ ಹೋಗಿ, ಕೊನೆಗೆ ಗೇಟಿನ ಹತ್ತಿರ ಉಳಿದವಳಿಗೆ ಯಾರೂ ಬಾಯಿಬಿಟ್ಟು ಏನೂ ಹೇಳಬೇಕಾಗಿರಲಿಲ್ಲ. ನಲವತ್ತೆಂಟು ವರ್ಷದ ಹಿಂದೆ ಹಾಗೆ ಉಳಿದವರು ನಿಮ್ಮಮ್ಮ. ಮಾವ ದೊಡ್ಡವೆಂಕಟಪ್ಪನವರು ಮೇಲೆ ಬರಲಿಲ್ಲ.

ಇದೆಲ್ಲ ಕೇಳಿ ರೂಪೇಶ್ ಅತ್ತೇಬಿಟ್ಟ. ಇದನ್ನೇ ಆಡೋಣ ಮೇಡಂ, ಆ ಪಾರ್ಟು ನೀವೇ ಮಾಡಿ ಅಂದ. ಉಮಾ, ನನಗೆ ಬಣ್ಣ ಹಚ್ಚಿಕೊಳ್ಳುವ ಆಸೆ ಎಷ್ಟಿತ್ತು ಅಂತ ನಿನಗೊಬ್ಬಳಿಗೇ ಗೊತ್ತು. ಸ್ಕೂಲ್ ಡೇಗೆ ನೀನು ರಾಣಿ, ನಾನು ಚಾಮರ ಬೀಸುವವಳು. ಟೀಚರ್ ಆದ ಮೇಲೆ ಮಕ್ಕಳಿಗೆ ಮೀಸೆ ಬರೆದು ಪರದೆ ಎಳೆಯುವವಳು. ಐವತ್ತೆಂಟಕ್ಕೆ ಮೊದಲ ಸಲ ಮುಖಕ್ಕೆ ಬಣ್ಣ ಬಂತು. ಗೇಟಿನಲ್ಲಿ ಕೊನೆಗೆ ಉಳಿಯುವ ಹೆಂಗಸಿನ ಪಾರ್ಟು. ಅಂದರೆ ನಾನು ಆಡಬೇಕಾಗಿದ್ದದ್ದು ನಿಮ್ಮಮ್ಮನನ್ನೇ. ತಿಂಗಳುಗಟ್ಟಲೆ ಅವರ ಪಕ್ಕ ಕೂತು, ಹೇಗೆ ಓಡಿದಿರಿ ಅತ್ತೆ, ಸೆರಗು ಎಲ್ಲಿತ್ತು, ಕೈ ಎಲ್ಲಿಟ್ಟುಕೊಂಡಿದ್ದಿರಿ ಅಂತ ಕೆದಕಿ ಕೆದಕಿ ಕೇಳಿದೆ. ಪಾಪ, ಎದ್ದು ನಿಂತು ತೋರಿಸುತ್ತಿದ್ದರು. ನೋಯುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ ಅಂತ ಬರೆದರೆ ಅದೂ ಸುಳ್ಳಾಗುತ್ತದೆ. ಹೊಳೆದಿತ್ತು. ಪಾರ್ಟು ಚೆನ್ನಾಗಿ ಬರಬೇಕು ಅಂತ ಸುಮ್ಮನಿದ್ದೆ.

ಜನವರಿ ಹತ್ತೊಂಬತ್ತು, ಭಾನುವಾರ, ಸಂಜೆ ಐದು. ನಿನ್ನ ಯಜಮಾನರು ಕೋದಂಡಪ್ಪನವರ ಕಣ್ಣಿನ ಆಪರೇಷನ್ ಆಗಿದೆ, ಅವರನ್ನು ಒಬ್ಬರೇ ಬಿಟ್ಟು ಬರಲಾರೆ ಅಂತ ನೀನು ಫೋನಿನಲ್ಲಿ ಹೇಳಿದ್ದೆ. "ಅಮ್ಮನ್ನ ಮುಂದಿನ ಸಾಲಲ್ಲಿ ಕೂರ್ಸು ಇಂದ್ರಾ, ಚೆನ್ನಾಗಿ ಕಾಣ್ಲಿ" ಅಂತಲೂ ಹೇಳಿದ್ದೆ. ಹಾಗೇ ಕೂರಿಸಿದೆ. ಹಾಲ್ ತುಂಬಿ ಕಿಟಕಿಯಲ್ಲೂ ಜನ. ಸೈರನ್ ವೇದಿಕೆಯಿಂದ ಬಂದರೆ ಯಾರೂ ನಂಬುವುದಿಲ್ಲ, ಸ್ಪೀಕರನ್ನು ಹೊರಗೆ ಜಗಲಿಯಲ್ಲಿ ಇಡು, ಮೊದಲು ಬರುತ್ತಿದ್ದ ದಿಕ್ಕಿನಿಂದಲೇ ಬರಲಿ ಅಂತ ರೂಪೇಶನಿಗೆ ಹೇಳಿದವಳು ನಾನು. ಅರ್ಜಿಯಲ್ಲಿ ನೀನು ಅವನ ಹೆಸರು ಬರೆದಿದ್ದೀಯ. ಅದನ್ನು ಹೊಡೆದು ಹಾಕು. ಅವನಿಗೆ ಏನೂ ಗೊತ್ತಿರಲಿಲ್ಲ.

ಸೈರನ್ ಕೂಗಿತು. ನಾನು ಪರದೆಯ ಹಿಂದೆ ಸೆರಗು ಸರಿಮಾಡಿಕೊಂಡು ನಿಂತಿದ್ದೆ, ಅದು ನಿಂತ ಕೂಡಲೇ ನನ್ನ ಪ್ರವೇಶ. ಸಂದಿಯಿಂದ ನೋಡಿದರೆ ಜನ ಎದ್ದು ಹೋಗುತ್ತಿದ್ದಾರೆ. ಎಲ್ಲರೂ ಅಲ್ಲ. ಐವತ್ತು ದಾಟಿದ ಹೆಂಗಸರು, ಹತ್ತೋ ಹನ್ನೆರಡೋ ಜನ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಒಟ್ಟಿಗೇ ಎದ್ದು ಬಾಗಿಲ ಕಡೆ ಓಡಿದರು. ಚಪ್ಪಲಿಗಳು ಬೆಂಚಿನ ಕೆಳಗೇ ಉಳಿದವು. ಹುಡುಗರು ಇದೂ ನಾಟಕ ಅಂದುಕೊಂಡು ಚಪ್ಪಾಳೆ ತಟ್ಟಿದರು. ಹೊರಗೆ ಜಗಲಿಗೆ ಬಂದು ಸ್ಪೀಕರ್ ನೋಡಿದ ಮೇಲೆ ಹೆಂಗಸರಿಗೆ ಎಚ್ಚರವಾಯಿತು. ಅವರಲ್ಲೊಬ್ಬಳು, ಲೈನ್ ಮನೆಯ ಮೀನಾ, ಕಂಬ ಹಿಡಿದು ನಕ್ಕಳಂತೆ, ನಗುತ್ತಾ ನಗುತ್ತಾ ಅತ್ತಳಂತೆ. ಎಲ್ಲರೂ ನಾಚಿಕೊಂಡು ವಾಪಸ್ ಬಂದು ಕೂತರು.

ಮುಂದಿನ ಸಾಲಿನ ಒಂದು ಕುರ್ಚಿ ಖಾಲಿ ಇತ್ತು. ಎರಡು ವರ್ಷದಿಂದ ಗೋಡೆ ಹಿಡಿಯದೆ ಬಚ್ಚಲಿಗೂ ಹೋಗದ ನಿಮ್ಮಮ್ಮ ಮೈದಾನ ದಾಟಿ, ಲೈನ್ ಮನೆಗಳನ್ನು ದಾಟಿ, ಶಾಫ್ಟ್ ಗೇಟಿನವರೆಗೂ ಓಡಿದ್ದರು. ನಾನು ಬಣ್ಣದ ಮುಖದಲ್ಲೇ ಹಿಂದೆ ಓಡಿದೆ. ಹೋಗಿ ನೋಡಿದರೆ ಗೇಟಿಗೆ ಒರಗಿ ಸುಮ್ಮನೆ ಕೂತಿದ್ದರು. ಸುಸ್ತಾಗಿತ್ತು. ಏನೂ ಮಾತಾಡಲಿಲ್ಲ. ಎಬ್ಬಿಸಿ ಮನೆಗೆ ಕರೆದುಕೊಂಡು ಬಂದೆ. ಒಂಬತ್ತು ದಿನ ಮಲಗಿದ್ದು ಶಾಂತವಾಗಿ ಹೋದರು.

ಉಮಾ, ಮೇಲಿನ ಐದು ಸಾಲು ಸುಳ್ಳು. ನಿನ್ನಣ್ಣನಿಗೆ ಹೇಳಿದ್ದು, ಅತ್ತೆಯನ್ನು ಮಣ್ಣು ಮಾಡಿದ ದಿನ ನಿನ್ನ ಮುಂದೆ ಹೇಳಿದ್ದು, ಎಲ್ಲರ ಮುಂದೆ ಹೇಳಿ ಹೇಳಿ ಬಾಯಿಪಾಠವಾಗಿದೆ. ಕೈ ತಾನಾಗಿಯೇ ಬರೆದುಬಿಟ್ಟಿತು. ಹೊಡೆದು ಹಾಕುವುದಿಲ್ಲ, ಇರಲಿ, ನಾನೆಂಥವಳು ಅಂತ ನಿನಗೆ ಗೊತ್ತಾಗಲಿ.

ಕೂತಿರಲಿಲ್ಲ, ನಿಂತಿದ್ದರು. ಬೀಗ ಹಾಕಿದ ಗೇಟಿನ ಸರಳು ಎರಡೂ ಕೈಯಲ್ಲಿ ಹಿಡಿದು ಒಳಗೆ ನೋಡುತ್ತಿದ್ದರು. ಪಾದದಲ್ಲಿ ರಕ್ತ. ನಾನು ಹತ್ತಿರ ಹೋದಾಗ ತಿರುಗಿ ಹಿಂದೆ ನೋಡಿದರು. ರಸ್ತೆಯಲ್ಲಿ ಯಾರೂ ಇಲ್ಲ. "ಎಲ್ಲಾರೂ ಓಗ್ಬುಟ್ರಾ ಇಂದ್ರಾ? ನಾನೊಬ್ಳೇನಾ ಇರೋದು?" ಅಂದರು. ಆಮೇಲೆ ನನ್ನ ತೋಳು ಹಿಡಿದುಕೊಂಡು, "ಬೈರನ ಅಪ್ಪ ಮ್ಯಾಕೆ ಬಂದ್ನಾ? ನೀನೇನಾರಾ ನೋಡ್ದಾ?" ಅಂತ ನಿನ್ನಣ್ಣನ ಹೆಸರು ಹಿಡಿದು ಮಾವನನ್ನು ಕೇಳಿದರು.

ಬಂದರು ಅತ್ತೆ, ನಾನು ನೋಡಿದೆ, ಮನೆಗೆ ಹೋದರು ಅಂದಿದ್ದರೆ ಮುಗಿಯುತ್ತಿತ್ತು. ಸೆರಗು ತಲೆ ಮೇಲೆ ಹೊದ್ದುಕೊಂಡು ನನ್ನ ಜೊತೆ ನಡೆದು ಬಂದುಬಿಡುತ್ತಿದ್ದರು. ನಲವತ್ತೆಂಟು ವರ್ಷ ಆದ ಮೇಲಾದರೂ ಒಂದು ಸಲ ಎಲ್ಲರ ಹಾಗೆ ಮನೆಗೆ ಬರುತ್ತಿದ್ದರು. ಅದೂ ಬೇಡ, ಏನೂ ಹೇಳದೆ ಪಕ್ಕದಲ್ಲಿ ನಿಂತುಕೊಂಡಿದ್ದರೂ ಆಗುತ್ತಿತ್ತು. ಇಬ್ಬರು ನಿಂತಿದ್ದಾರೆ ಅಂದರೆ ಇನ್ನೂ ಆಸೆ ಇದೆ ಅಂತಲ್ಲವಾ? ಇದೆಲ್ಲ ಈಗ ತಿಳಿಯುತ್ತದೆ. ಆಗ ನನಗೆ ತಡೆಯಲಾರದ ಸಿಟ್ಟು. ಬೆವರಿಗೆ ಬಣ್ಣ ಕರಗಿ ಕಣ್ಣಿಗೆ ಇಳಿಯುತ್ತಿತ್ತು. ಅಲ್ಲಿ ಹಾಲ್ ತುಂಬಾ ಜನ ಕಾಯುತ್ತಿದ್ದರು. ನನ್ನ ಒಂದೇ ಒಂದು ದಿನ, ಅದನ್ನೂ ಈ ಮುದುಕಿ ಹಾಳು ಮಾಡಿದಳಲ್ಲ ಅಂತ ಅನ್ನಿಸಿತು. ಹೌದು ಉಮಾ, ಮುದುಕಿ ಅಂತಲೇ ಅಂದುಕೊಂಡೆ. ನನ್ನ ಬಾಯಿಗೆ ಮಣ್ಣು ಬೀಳ. ಕ್ಲಾಸಿನಲ್ಲಿ ತಪ್ಪು ಉತ್ತರ ಹೇಳಿದ ಮಗುವಿಗೆ ಗದರಿಸುವ ಹಾಗೆ ಗದರಿಸಿದೆ. "ಅತ್ತೇ, ಅದು ನಾಟಕ! ಮಾವ ಸತ್ತು ನಲವತ್ತೆಂಟು ವರ್ಷ ಆಯ್ತು. ನಡೀರಿ ಮನೆಗೆ!" ಅಂತ ಕಿರುಚಿದೆ.

ಅವರು ನಾಟಕ ಅನ್ನುವುದನ್ನು ಕೇಳಲಿಲ್ಲ, ನಲವತ್ತೆಂಟು ವರ್ಷ ಅನ್ನುವುದನ್ನೂ ಕೇಳಲಿಲ್ಲ. ಸತ್ತ ಅನ್ನುವುದೊಂದೇ ಕೇಳಿದರು. ಸರಳಿನಿಂದ ಕೈ ತೆಗೆದು ತಮ್ಮ ಬೋಳು ಮಣಿಕಟ್ಟು ನೋಡಿಕೊಂಡರು. ಹಣೆ ಮುಟ್ಟಿ ನೋಡಿಕೊಂಡರು. ಆಮೇಲೆ ಕೂಗಿದರು ನೋಡು, ಆ ಕೂಗು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ನಿನ್ನಣ್ಣ ಹೇಳುತ್ತಿದ್ದರು, ಅಪ್ಪ ಹೋದ ದಿನ ಅಮ್ಮ ಅಳಲೇ ಇಲ್ಲ, ನಮ್ಮನ್ನು ನೋಡಿ ಕಲ್ಲಾಗಿಬಿಟ್ಟರು ಅಂತ. ಆ ಅಳು ಎಲ್ಲೂ ಹೋಗಿರಲಿಲ್ಲ. ಎಂಬತ್ತೆರಡನೇ ವಯಸ್ಸಿನಲ್ಲಿ ರಸ್ತೆಯ ಮಣ್ಣಿನಲ್ಲಿ ಕೂತು, ಎದೆ ಬಡಿದುಕೊಂಡು, ಆವತ್ತೇ ಗಂಡ ಸತ್ತವರ ಹಾಗೆ ಅತ್ತರು. ಆವತ್ತೇ ಸತ್ತಿದ್ದು ಅವರ ಪಾಲಿಗೆ. ಹೇಳಿದವಳು ನಾನು. ಅವರನ್ನು ಎರಡನೇ ಸಲ ಮುಂಡೆ ಮಾಡಿದೆ.

ಮಾರನೇ ದಿನ ಬೆಳಿಗ್ಗೆ ಮರೆತಿರುತ್ತಾರೆ ಅಂತ ಇದ್ದೆ. ಏನೂ ನೆನಪಿರಲಿಲ್ಲ, ನಾಟಕ, ಓಡಿದ್ದು, ಕಾಲಿನ ಪಟ್ಟಿ ಯಾಕೆ ಅನ್ನುವುದು ಯಾವುದೂ ಇಲ್ಲ. ಅದೊಂದು ಮಾತ್ರ ನೆನಪಿತ್ತು. ಇಷ್ಟೆಲ್ಲ ಮರೆಯುವ ತಲೆ ಅದೊಂದನ್ನು ಯಾಕೆ ಹಿಡಿದುಕೊಂಡಿತೋ, ಅವರ ಮನೆದೇವರಿಗೇ ಗೊತ್ತು. ಆಗ ಸುಳ್ಳು ಹೇಳಿದೆ. ಮಾವ ಕ್ಯಾಸಂಬಳ್ಳಿಗೆ ಹೋಗಿದ್ದಾರೆ, ಸಂಜೆ ಬರುತ್ತಾರೆ ಅಂದೆ. ಅನ್ನ ಕಲಸಿ ಬಾಯಿಯ ಹತ್ತಿರ ಹಿಡಿದು, ಮಾವನೇ ಹೇಳಿ ಕಳಿಸಿದ್ದಾರೆ ಅತ್ತೆ, ಊಟ ಮಾಡಬೇಕಂತೆ ಅಂದೆ. ನನ್ನ ಕೈ ಮೆಲ್ಲಗೆ ಪಕ್ಕಕ್ಕೆ ಸರಿಸಿ, "ಸುಳ್ಳೇಳ್ಬೇಡಮ್ಮಾ. ನೀನೇ ಏಳ್ದಲ್ಲ ಅವತ್ತು" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂಬತ್ತು ದಿನ ಇಷ್ಟಿಷ್ಟೇ ನೀರು ಬಿಟ್ಟು ಏನೂ ಇಳಿಯಲಿಲ್ಲ. ಡಾಕ್ಟರು ವಯಸ್ಸು ಅಂದರು. ನಾನೂ ಹೂಂ ಅಂದೆ.

ಮಣ್ಣಿನ ದಿನ ನೀನು ಎಲ್ಲರ ಮುಂದೆ "ನಿನ್ ನಾಟಕಕ್ಕೆ ನಮ್ಮಮ್ಮನ್ನ ತಿಂದ್ಕಂಡೆ" ಅಂದೆಯಲ್ಲ, ನಾನು ತಿರುಗಿ ಒಂದು ಮಾತೂ ಆಡಲಿಲ್ಲ. ಎಲ್ಲರೂ ನನ್ನ ತಾಳ್ಮೆ ಹೊಗಳಿದರು. ತಾಳ್ಮೆಯೂ ಅಲ್ಲ, ಮಣ್ಣೂ ಅಲ್ಲ. ಇನ್ನೊಂದು ಮಾತು ಆಡಿದರೆ ನಿಜ ಹೊರಗೆ ಬರುತ್ತದೆ ಅಂತ ಹೆದರಿಕೆ. ನೀನು ಕಟ್ಟಡವನ್ನು ಬೈದೆ, ಸೈರನ್ ಬೈದೆ, ರೂಪೇಶನನ್ನು ಬೈದೆ. ಬೈಯುವುದು ಬೇರೆ ಕಡೆ ಹೋಯಿತಲ್ಲ ಅಂತ ಒಳಗೊಳಗೇ ನೆಮ್ಮದಿಯಾಯಿತು ನನಗೆ. ಬೀಗ ಬಿದ್ದ ದಿನವೂ ಹಾಗೇ ಅಂದುಕೊಂಡು ಮಲಗಿದ್ದೆ.

ಹೋದ ವಾರ ಶಾಲೆಯ ಕಡೆ ಹೋಗಿದ್ದೆ. ಸೆಲ್ವರಾಜ್ ಅಣ್ಣ ಬೀಗ ಹಾಕಿದ ಬಾಗಿಲ ಮುಂದೆ ಕೂತಿದ್ದರು. ದಿನಾ ಐದಕ್ಕೆ ಬಂದು ಕೂರುತ್ತಾರಂತೆ, ಅವರ ಮಾತು ಮತ್ತೆ ನಿಂತುಹೋಗಿದೆ. ರೂಪೇಶ್ ಕೆಲಸಕ್ಕೆ ಅಂತ ರಾಬರ್ಟ್‌ಸನ್‌ಪೇಟೆಯ ಮೊಬೈಲ್ ಅಂಗಡಿಗೆ ಸೇರಿದ್ದಾನೆ. ಅಲ್ಲಿಗೂ ಹೋದೆ, ನನ್ನನ್ನು ಕಂಡು ಎದ್ದು ನಿಂತ. "ನನ್ನಿಂದ ಅಜ್ಜಿ ಹೋದ್ರಲ್ರಿ ಮೇಡಂ" ಅಂದ. ಮಾಡಿದವಳು ನಾನು, ಇಪ್ಪತ್ತಾರು ವರ್ಷದ ಹುಡುಗ ತನ್ನದೇ ತಪ್ಪು ಅಂದುಕೊಂಡು ಬದುಕಬೇಕಾ? ಅಲ್ಲಿ ನಿಲ್ಲಲಾಗಲಿಲ್ಲ. ಮನೆಗೆ ಬಂದು ಈ ಕಾಗದ ಶುರು ಮಾಡಿದೆ. ನಾಲ್ಕು ಸಲ ಹರಿದು ಹಾಕಿದ ಮೇಲೆ ಇದು ಐದನೆಯದು.

ಸೋಮವಾರ ಬಾ. ಅರ್ಜಿಯಲ್ಲಿ 'ನಾಟಕದ ಮನೆ' ಅಂತ ಬರೆದಿರುವ ಕಡೆಯೆಲ್ಲ ನನ್ನ ಹೆಸರು ಹಾಕು. ಆಫೀಸಿನವರ ಮುಂದೆ ಬೇಕಾದರೂ ಹೇಳು, ನಾನು ಎದುರಿಗೆ ನಿಂತು ಹೌದು ಅನ್ನುತ್ತೇನೆ. ಬೀಗ ತೆಗೆದರೂ ನಾನಿನ್ನು ಅದರೊಳಗೆ ಕಾಲಿಡುವುದಿಲ್ಲ. ನಿನ್ನಣ್ಣನಿಗೆ ಇನ್ನೂ ಹೇಳಿಲ್ಲ. ಇದನ್ನು ಪೋಸ್ಟ್ ಮಾಡಿ ಬಂದು ಈ ಸಂಜೆಯೇ ಹೇಳುತ್ತೇನೆ. ಮನೆಯಿಂದ ಹೊರಗೆ ಹಾಕಿದರೆ ಹಾಕಲಿ. ಹಾಕುವವರಲ್ಲ, ಅದೇ ಇನ್ನೂ ಕಷ್ಟ.

ನಿನ್ನ ಮನೆಗೆ ಬಂದು ಇರಬಹುದು ಅನ್ನುವ ಆಸೆಗೇ ನಿನ್ನಣ್ಣನನ್ನು ಕಟ್ಟಿಕೊಂಡೆ ಅಂತ ನನ್ನನ್ನು ರೇಗಿಸುತ್ತಿದ್ದೆಯಲ್ಲ, ಅದು ನಿಜವೇ ಆಗಿತ್ತು ಕಣೇ. ನನಗೆ ನಿನ್ನಂಥವಳು ಇನ್ನೊಬ್ಬಳಿಲ್ಲ. ಕ್ಷಮಿಸು ಅಂತ ಬರೆಯುವುದಿಲ್ಲ. ಬರೆದರೆ ನೀನು ಕ್ಷಮಿಸಬೇಕಾಗುತ್ತದೆ.

ಇಂತಿ,
ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದ
ಇಂದ್ರಾಣಿ

ತಾ. ಕ.: ಇದನ್ನು ಬರೆಯಬಾರದು ಅಂತಿದ್ದೆ. ಆ ದಿನ ಗೇಟಿನ ಹತ್ತಿರ ಅತ್ತೂ ಅತ್ತೂ ಸಾಕಾದ ಮೇಲೆ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕೈ ಹಿಡಿದುಕೊಂಡರು. "ಉಮಾ ಇಸ್ಕೂಲ್ನಾಗವ್ಳೆ. ಮಗೀಗೆ ಈಗ್ಲೇ ಏಳ್ಬೇಡ ಇಂದ್ರಾ, ಊಟ ಮಾಡ್ಕಣ್ಲಿ, ಆಮ್ಯಾಕೆ ಏಳಾನ" ಅಂದರು. ಆಯಿತು ಅತ್ತೆ, ಹೇಳುವುದಿಲ್ಲ ಅಂತ ಅವರ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಕವರು ಒಡೆಯುವ ಮೊದಲು ಊಟ ಮಾಡಿದ್ದೆಯಾ ಉಮಾ?